ಒಳಗೆ ಜನರಿರುವ ಮನೆ

‘ಕ್ಲಿನಿಕ್ಕಿಗೇ ಹೋಗ್ತಿದೀನಿ’ ಎಂದು ಅಣ್ಣನಿಗೆ ಹೇಳಿ ಮೆಟ್ಟಿಲಿಳಿಯುವಾಗ ಆ ‘ಗೇ’ ಬೇಡವಾಗಿತ್ತು ಅನ್ನಿಸಿತು ಅವಳಿಗೆ. ಕ್ಲಿನಿಕ್ಕಿಗೆ ಎಂದಿದ್ದರೆ ಸಾಕಿತ್ತು. ಇಪ್ಪತ್ತೆರಡು ವರ್ಷದಿಂದ ದಿನವೂ ಇದೇ ಮೆಟ್ಟಿಲಿಳಿದು ಅದೇ ಬಸ್ಸು ಹತ್ತುವವಳು ಅದನ್ನು ಒತ್ತಿ ಹೇಳಬೇಕಾದ ಅಗತ್ಯವೇನಿತ್ತು? ಅಣ್ಣ ಪತ್ರಿಕೆಯಿಂದ ತಲೆಯೆತ್ತದೆ ‘ಹೂಂ, ಹುಷಾರು ಪುಟ್ಟಿ’ ಅಂದಿದ್ದ. ನಲವತ್ತಾರು ತುಂಬಿದ ತಂಗಿಯನ್ನು ಇನ್ನೂ ಪುಟ್ಟಿ ಎನ್ನುವವನಿಗೆ ಸುಳ್ಳು ಹೇಳುವುದು ಏನೂ ಕಷ್ಟವಲ್ಲ. ಅವನು ನಂಬಿಬಿಡುತ್ತಾನಲ್ಲ, ಅದು ಕಷ್ಟ. ಕೆಳಗಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಅತ್ತಿಗೆ ಊಟದ ಡಬ್ಬಿ ಹಿಡಿದು ಹಿಂದೆಯೇ ಬಂದಳು. ಇವಳೇ ಅದನ್ನು ಮರೆತು ಬಂದಿದ್ದಳು, ಇಷ್ಟು ವರ್ಷದಲ್ಲಿ ಮೊದಲ ಸಲ. ‘ಸಂಜೆ ತಡವಾದ್ರೆ ನಿಮ್ಮಣ್ಣಂಗೆ ಏನಾದ್ರೂ ಹೇಳ್ತೀನಿ ಬಿಡು’ ಎಂದಳು ಅತ್ತಿಗೆ. ಯಾಕೆ ತಡವಾಗುತ್ತದೆ ಎಂದು ಇವಳು ಕೇಳಿದ್ದಕ್ಕೆ, ‘ನಂಗೇನು ಗೊತ್ತು? ಹಾಸಿಗೆ ಕೆಳಗೆ ಪುಸ್ತಕ ಬಚ್ಚಿಟ್ಕೊಂಡೋರಿಗೆ ಗೊತ್ತಿರಬೇಕು’ ಎಂದು ಮುಖದಲ್ಲಿ ಏನೂ ತೋರಿಸದೆ ಹಿಂದಿರುಗಿ ಮೆಟ್ಟಿಲು ಹತ್ತಿದಳು. ಅವಳ ಮಂಡಿ ನೋಯುತ್ತಿತ್ತು ಎಂಬುದು ಹತ್ತುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಡಬ್ಬಿ ಕೊಡಲೆಂದು ಯಾರೂ ಮೂರು ಮಹಡಿ ಇಳಿಯುವುದಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆ ಪುಸ್ತಕ ಪುಸ್ತಕವೂ ಅಲ್ಲ, ಮೊದಲ ಸಲ ಆಸ್ತಿ ಕೊಳ್ಳುವವರಿಗೆ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ ಹದಿನಾರು ಪುಟ. ಎರಡು ತಿಂಗಳ ಹಿಂದೆ ಒಂದು ಭಾನುವಾರ ಹೋಟೆಲಿನ ಸಭಾಂಗಣದಲ್ಲಿ ನಡೆದ ಉಚಿತ ತರಗತಿಯಲ್ಲಿ ಕೊಟ್ಟದ್ದು. ಆವತ್ತೂ ಒಂದು ಸುಳ್ಳು ಹೇಳಿಯೇ ಹೋಗಿದ್ದಳು. ಕೊರಳಿಗೆ ಮೈಕು ಸಿಕ್ಕಿಸಿಕೊಂಡ ಯುವಕ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ, ಎಲ್ಲರೂ ಎದ್ದು ನಿಂತು ‘ನಾನು ಮಾಲೀಕ’ ಎಂದು ಮೂರು ಸಲ ಕೂಗಬೇಕು ಎಂದಿದ್ದ. ಇನ್ನೂರು ಜನ ಕೂಗಿದರು. ಇವಳು ತುಟಿ ಮಾತ್ರ ಆಡಿಸಿದಳು, ಅದೂ ‘ಮಾಲೀಕ’ ಎನ್ನಬೇಕೋ ‘ಮಾಲೀಕಳು’ ಎನ್ನಬೇಕೋ ತೋಚದೆ ಮಧ್ಯದಲ್ಲಿ ನಿಂತುಹೋಯಿತು. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ, ಕೊಳ್ಳುವ ಮನೆಯಲ್ಲಿ ಆಗಲೇ ಯಾರಾದರೂ ವಾಸವಿದ್ದರೆ ಏನು ಮಾಡಬೇಕು ಎಂದು ಕೇಳಿದ್ದಳು. ಅವನು ಬಹಳ ಒಳ್ಳೆಯ ಪ್ರಶ್ನೆ ಎಂದು ಹೊಗಳಿ, ‘ಮನೆ ನೋಡಿ ಮೇಡಂ, ಮನೆ ಒಳಗಿರೋರನ್ನ ನೋಡಬೇಡಿ’ ಎಂದ. ಜನ ನಕ್ಕರು. ಅವಳು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮನೆಗೆ ಬಂದು ಓದಿದಾಗ ತನ್ನದೇ ಕೈಬರಹದಲ್ಲಿ ಆ ಮಾತು ಬೇರೆ ಯಾರೋ ಬರೆದಂತೆ ಕಂಡಿತ್ತು.

ಯಾಕೆ ಬೇಕಿತ್ತು ಇದೆಲ್ಲ ಎಂದು ತನ್ನನ್ನು ತಾನೇ ಕೇಳಿಕೊಂಡಾಗಲೆಲ್ಲ ಅವಳಿಗೆ ನೆನಪಾಗುತ್ತಿದ್ದದ್ದು ದುಡ್ಡಲ್ಲ, ಒಂದು ಮಾತು. ಅಣ್ಣನ ಆಫೀಸಿನವರು ಯಾರೋ ಮನೆಗೆ ಬಂದಿದ್ದರು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದವಳಿಗೆ ಹೊರಗಿನ ಮಾತು ಕೇಳಿಸಿತು. ಅವರು ಯಾರು ಎಂದು ಅತಿಥಿ ಕೇಳಿದ, ಅಣ್ಣ ‘ನನ್ನ ತಂಗಿ, ನಮ್ಮ ಜೊತೇಲೇ ಇರ್ತಾಳೆ’ ಎಂದ. ಅದರಲ್ಲಿ ತಪ್ಪೇನಿದೆ? ಇರುವುದು ನಿಜ. ಪ್ರೀತಿಯಿಂದಲೇ ಹೇಳಿದ್ದ. ತಿಂಗಳ ಖರ್ಚಿನಲ್ಲಿ ಅವಳ ಪಾಲನ್ನು ಮೊದಮೊದಲು ಬೇಡವೆಂದು, ಆಮೇಲೆ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದವನೂ ಅವನೇ. ಆದರೂ ಲೋಟವನ್ನು ಎರಡನೆಯ ಸಲ, ಮೂರನೆಯ ಸಲ ತೊಳೆಯುತ್ತ ನಿಂತವಳಿಗೆ, ಇರುತ್ತಾಳೆ ಎನ್ನುವುದು ಕೊಡೆಗೂ ಹಳೆಯ ಕಪಾಟಿಗೂ ಹೇಳುವ ಮಾತು ಅನ್ನಿಸಿತ್ತು. ಮಾರನೆಯ ವಾರವೇ ಬ್ಯಾಂಕಿಗೆ ಹೋಗಿದ್ದಳು. ಅಲ್ಲಿನ ಹುಡುಗಿ ಅಣ್ಣನ ಜೊತೆಗಿನ ಜಂಟಿ ಖಾತೆಯ ಪುಸ್ತಕ ನೋಡಿ, ‘ಇದಕ್ಕೆ ಇಬ್ಬರಲ್ಲಿ ಒಬ್ಬರ ಸಹಿ ಸಾಕು, ನಿಮಗೆ ಗೊತ್ತಿಲ್ವಾ?’ ಎಂದಳು. ಇಪ್ಪತ್ತು ವರ್ಷದಿಂದ ಪ್ರತಿ ಚೆಕ್ಕನ್ನೂ ಅಣ್ಣನ ಮುಂದೆ ಹಿಡಿದು, ಅವನು ಕನ್ನಡಕ ಹುಡುಕಿ ಸಹಿ ಹಾಕುವವರೆಗೆ ಕಾದು ನಿಂತಿದ್ದಳು. ಅವನಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದನೋ? ಈ ಪ್ರಶ್ನೆಯನ್ನು ಅವಳು ಅರ್ಧಕ್ಕೇ ಕೈಬಿಟ್ಟಿದ್ದಳು.

ಬ್ರೋಕರ್ ಮಾರಾಟಕ್ಕಿದ್ದ ಮನೆಯ ಕಟ್ಟಡದ ಕೆಳಗೆ ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ನೇತುಹಾಕಿ ಕಾಯುತ್ತಿದ್ದ. ಯಾರನ್ನೂ ಕರೆದುಕೊಂಡು ಬಂದಿಲ್ಲವಾ ಎಂಬಂತೆ ಅವಳ ಹಿಂದೆ ನೋಡಿದ. ಒಬ್ಬಳೇ ಎಂದು ಅವಳು ಹೇಳಿದಾಗ ಅವನ ಮುಖ ಸ್ವಲ್ಪ ಸಡಿಲವಾಯಿತು, ಕೆಲಸ ಸುಲಭವಾದವನ ಹಾಗೆ. ಮೂರನೆಯ ಮಹಡಿ, ಒಂದು ಮಲಗುವ ಕೋಣೆ, ಪೂರ್ತಿ ಬೆಳಕು, ಹೊಸ ಪೇಂಟು, ಮಾಲೀಕರು ದೂರದಲ್ಲಿದ್ದಾರೆ, ಅವರಿಗೆ ಅವಸರವಿದೆ. ಮೆಟ್ಟಿಲು ಹತ್ತುತ್ತ ಇಷ್ಟನ್ನೂ ಹೇಳಿದ. ಒಳಗಿರುವ ಅಜ್ಜಿ ಹತ್ತೊಂಬತ್ತು ವರ್ಷದಿಂದ ಇದ್ದಾರೆ, ಬಾಡಿಗೆ ಬಹಳ ಕಡಿಮೆ, ಅದಕ್ಕೇ ಬೆಲೆಯೂ ಕಡಿಮೆ. ರಿಜಿಸ್ಟ್ರೇಷನ್ ಆದ ಮೂರು ತಿಂಗಳಿಗೆ ಖಾಲಿ ಮಾಡಿಸಿ, ನೆಲ ಬದಲಾಯಿಸಿ, ಎರಡರಷ್ಟು ಬಾಡಿಗೆಗೆ ಕೊಡಬಹುದು. ಎಲ್ಲ ತಾನೇ ನೋಡಿಕೊಳ್ಳುತ್ತಾನಂತೆ, ಅವಳು ಬರುವುದೂ ಬೇಡ. ಹತ್ತುವಾಗ ಅವಳ ಕಣ್ಣು ಅವನ ಬಾಯಿಯ ಮೇಲಿತ್ತು. ಮೇಲಿನ ಎಡ ಕೋರೆಹಲ್ಲು ಸ್ವಲ್ಪ ತಿರುಗಿತ್ತು. ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಂದೊಂದೇ ಹಲ್ಲು ಜೋಡಿಸಿ, ಮುಖಗಳನ್ನೇ ನೋಡದೆ ಸಾವಿರಾರು ನಗುಗಳನ್ನು ಮಾಡಿ ಕಳಿಸಿದ್ದಳು. ಇವತ್ತು ಸಂಜೆ ಒಬ್ಬ ಮುದುಕರಿಗೆ ಕೊಡಬೇಕಾದ ಸೆಟ್ಟು ಮೇಜಿನ ಮೇಲೆ ಅರ್ಧದಲ್ಲಿತ್ತು. ಮಧ್ಯಾಹ್ನಕ್ಕೆ ಬಂದು ಮುಗಿಸುತ್ತೇನೆ ಎಂದು ಡಾಕ್ಟರಿಗೆ ಮಾತು ಕೊಟ್ಟಿದ್ದಳು.

ಬ್ರೋಕರ್ ಬಾಗಿಲು ತಟ್ಟಲಿಲ್ಲ, ಗೆಣ್ಣಿನಿಂದ ಎರಡು ಸಲ ಸವರಿದಂತೆ ಮಾಡಿ ತಳ್ಳಿದ. ಒಳಗೆ ಕಿಟಕಿಯ ಪಕ್ಕದ ಮೇಜಿನಲ್ಲಿ ಅರವತ್ತೈದು ದಾಟಿದ ಹೆಂಗಸು ಊಟ ಮಾಡುತ್ತಿದ್ದರು. ಹನ್ನೊಂದೂವರೆಗೆ ಯಾರು ಊಟ ಮಾಡುತ್ತಾರೆ ಎಂದುಕೊಂಡ ಕೂಡಲೇ ಅವಳ ಕಾಲು ಹೊಸ್ತಿಲಲ್ಲೇ ನಿಂತಿತು. ಹಿಂದೊಮ್ಮೆಯೂ ಹೀಗೇ ಆಗಿತ್ತು; ಆಗ ಅವಳಿಗೆ ಒಂಬತ್ತು ವರ್ಷ. ಬಾಡಿಗೆ ಮನೆ, ಎರಡು ಕೋಣೆ. ಅಪ್ಪ ಊಟಕ್ಕೆ ಕೂತಿದ್ದಾಗ ಮನೆ ಕೊಳ್ಳುವವರೊಬ್ಬರು ಮಾಲೀಕನ ಜೊತೆ ಒಳಗೆ ಬಂದರು. ಅಪ್ಪ ತಟಕ್ಕನೆ ಎದ್ದು ನಿಂತರು. ಯಾರೂ ಏಳಿ ಎನ್ನಲಿಲ್ಲ, ಕೂತುಕೊಳ್ಳಿ ಎಂದೂ ಅನ್ನಲಿಲ್ಲ. ಬಂದವರು ಗೋಡೆ ಅಳೆದರು, ನಲ್ಲಿ ತಿರುಗಿಸಿ ನೋಡಿದರು, ಅಮ್ಮನ ಸೀರೆಗಳಿದ್ದ ಕಪಾಟನ್ನು ಜರುಗಿಸಿ ಹಿಂದೆ ಇಣುಕಿದರು. ಅಷ್ಟು ಹೊತ್ತೂ ಅಪ್ಪ ಎಂಜಲು ಕೈಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದರು. ಬಂದವರ ಮುಖ ಅವಳಿಗೆ ಆಮೇಲೆ ನೆನಪಾಗಲೇ ಇಲ್ಲ. ಬೆರಳುಗಳ ಮೇಲೆ ಒಣಗಿ ಬಿಳಿಚಿಕೊಂಡ ಅನ್ನ ಮಾತ್ರ ನೆನಪಿತ್ತು. ಆರು ತಿಂಗಳಲ್ಲಿ ಆ ಮನೆ ಬಿಟ್ಟರು. ಇವತ್ತು ಆ ಬಂದವರ ಜಾಗದಲ್ಲಿ ತಾನೇ ಇದ್ದಳು. ‘ಆಮೇಲೆ ಬರ್ತೀವಿ, ನೀವು ಊಟ ಮುಗಿಸಿ’ ಎಂದು ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಕೂತಿದ್ದ ಹೆಂಗಸು ಏಳುವ ಸೂಚನೆಯನ್ನೇ ತೋರದೆ, ಸ್ಪಷ್ಟವಾದ, ಒಂದೊಂದು ಅಕ್ಷರವನ್ನೂ ಬಿಡಿಸಿಟ್ಟ ದನಿಯಲ್ಲಿ, ‘ಚಪ್ಪಲಿ ಹೊರಗೆ. ಬಾಗಿಲು ಹಾಕಿ, ಗಾಳಿ ಬರುತ್ತೆ. ನಂದು ಇನ್ನು ಐದು ನಿಮಿಷ’ ಎಂದರು.

ಐದು ನಿಮಿಷ ಇಬ್ಬರೂ ನಿಂತಿದ್ದರು. ಬ್ರೋಕರ್ ಬಗ್ಗಿ ಅವಳ ಕಿವಿಯ ಬಳಿ, ಇವರು ಹಾಗೇ, ತಲೆಕೆಡಿಸಿಕೊಳ್ಳಬೇಡಿ, ಮೂರು ತಿಂಗಳ ಮಾತು ಎಂದು ಪಿಸುಗುಟ್ಟಿದ. ‘ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದೆ’ ಎಂದರು ಹೆಂಗಸು, ತಟ್ಟೆಯಿಂದ ಕಣ್ಣೆತ್ತದೆ. ‘ಕಣ್ಣು ಹೋಗಿದೆ, ಮಂಡಿ ಹೋಗಿದೆ. ಕಿವಿ ಹೋಗಿಲ್ಲ.’ ಅವಳಿಗೆ ನಗು ಬಂತು, ನಾಚಿಕೆಯೂ ಆಯಿತು. ಎರಡೂ ಒಟ್ಟಿಗೆ ಬಂದದ್ದರಿಂದ ಮುಖವನ್ನು ಎಲ್ಲಿಡಬೇಕೋ ತಿಳಿಯದೆ ಗೋಡೆಯ ಕಡೆ ತಿರುಗಿಸಿದಳು.

ಗೋಡೆ ಬೆಳ್ಳಗಿತ್ತು. ಮೂರು ಗೋಡೆಗಳು ವರ್ಷಗಟ್ಟಲೆ ಬಿಸಿಲು ಕುಡಿದ ಹಳದಿ; ಬಾತ್‌ರೂಮಿನ ಪಕ್ಕದ್ದೊಂದು ಮಾತ್ರ ಹೊಸ ಬಿಳಿ. ಬ್ರೋಕರ್ ಅದನ್ನೇ ತೋರಿಸಿ, ನೋಡಿ ಮೇಡಂ ಎಷ್ಟು ಚೆನ್ನಾಗಿ ಮಾಡಿಸಿದ್ದಾರೆ, ಉಳಿದದ್ದೂ ಹೀಗೇ ಮಾಡಿಸಬಹುದು ಎಂದ. ಹದಿನಾರು ಪುಟದ ಪುಸ್ತಕದಲ್ಲಿ ಗೋಡೆಯ ಬಗ್ಗೆ ಒಂದೇ ಸಾಲಿತ್ತು: ಪರಿಣತರಿಂದ ಪರೀಕ್ಷೆ ಮಾಡಿಸಿ. ಪರಿಣತರೆಂದರೆ ಯಾರು? ಅವಳು ಹತ್ತಿರ ಹೋಗಿ ಉಗುರಿನ ಹಿಂಬದಿಯಿಂದ ತಟ್ಟಿದಳು. ಒಣಗಿದ ಪ್ಲಾಸ್ಟರಿಗೆ ಒಂದು ದನಿಯಿರುತ್ತದೆ, ಸಣ್ಣದು, ಚಿಪ್ಪಿನಂಥದು. ಒದ್ದೆಯದು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಸೊಂಟದ ಎತ್ತರದವರೆಗೆ ಗೋಡೆ ನುಂಗಿಕೊಳ್ಳುತ್ತಿತ್ತು. ಇನ್ನೂ ಖಾತ್ರಿಯಾಗಬೇಕೆನಿಸಿ, ಅಚ್ಚು ಆರಿದೆಯೇ ಎಂದು ನೋಡಲು ದಿನಕ್ಕೆ ಹತ್ತು ಸಲ ಮಾಡುವಂತೆಯೇ, ಯೋಚಿಸದೆ ಮಂಡಿಯೂರಿ ಕೂತು ಕೆನ್ನೆಯನ್ನು ಗೋಡೆಗೆ ಒತ್ತಿಟ್ಟಳು. ತಣ್ಣಗಿತ್ತು. ಪೇಂಟಿನ ತಂಪಲ್ಲ, ಒಳಗಿನಿಂದ ಬರುವ, ಬಿಡದೆ ಅಂಟಿಕೊಳ್ಳುವ ತಂಪು. ಬೆನ್ನ ಹಿಂದೆ ಬ್ರೋಕರ್ ಗಂಟಲು ಸರಿಮಾಡಿಕೊಂಡ. ಗೋಡೆಗೆ ಕೆನ್ನೆ ಕೊಟ್ಟು ನೆಲದ ಮೇಲೆ ಕೂತ ತನ್ನನ್ನು ಆ ತರಗತಿಯ ಯುವಕ ನೋಡಿದ್ದರೆ ಏನೆನ್ನುತ್ತಿದ್ದನೋ ಎನ್ನಿಸಿ ಕಿವಿ ಬಿಸಿಯಾಯಿತು. ಆದರೂ ತಕ್ಷಣ ಏಳಲಿಲ್ಲ. ‘ಇದು ಒದ್ದೆ ಇದೆ’ ಎಂದಳು.

ಹೊಸ ಪೇಂಟು ಮೇಡಂ, ಆರಿಲ್ಲ ಅಷ್ಟೆ ಎಂದು ಬ್ರೋಕರ್ ಹೇಳುತ್ತಿದ್ದಂತೆ ಅವನ ಫೋನು ರಿಂಗಾಯಿತು, ಮಾತಾಡಲು ಮೆಟ್ಟಿಲ ಕಡೆ ಹೋದ. ಟೆಲಿಫೋನಿನ ಹೆಂಗಸು ಕೈತೊಳೆದು ಬಂದು ಕುರ್ಚಿಯಲ್ಲಿ ಕೂತು, ಅವಳನ್ನು ಮೊದಲ ಸಲ ಪೂರ್ತಿಯಾಗಿ ನೋಡಿದರು. ನಿಮಗಿಂತ ಮುಂಚೆ ಮೂರು ಜನ ಬಂದಿದ್ದರು ಎಂದರು. ಒಬ್ಬರು ಕಿಟಕಿ ಅಳೆದರು. ಒಬ್ಬರು ಇವರ ಮಂಚದ ಫೋಟೋ ತೆಗೆದರು, ಮಂಚದ್ದು ಯಾಕೋ ಗೊತ್ತಿಲ್ಲ. ಇನ್ನೊಬ್ಬರಿಗೆ ಇವರು ಇಲ್ಲಿ ಇದ್ದದ್ದು ಕಾಣಿಸಲೇ ಇಲ್ಲ. ಆಮೇಲೆ ದನಿ ತಗ್ಗಿಸದೆಯೇ ವಿಷಯ ಹೇಳಿದರು. ನೀರು ಛಾವಣಿಯದ್ದಲ್ಲ, ಮೇಲಿನ ಮನೆಯ ಬಾತ್‌ರೂಮಿನ ಪೈಪಿನದು. ಮೇಲಿನವರು, ಈ ಮನೆಯ ಮಾಲೀಕ ಅರ್ಧ ಖರ್ಚು ಕೊಟ್ಟರೆ ನಾಳೆಯೇ ರಿಪೇರಿ ಮಾಡಿಸುತ್ತೇವೆ ಎಂದು ನಾಲ್ಕು ವರ್ಷದಿಂದ ಹೇಳುತ್ತಿದ್ದಾರೆ. ಈ ಮಾಲೀಕ ಅರ್ಧ ಕೊಡಲಿಲ್ಲ, ಮಾರುವ ಮುಂಚೆ ಪೇಂಟು ಬಳಿಸಿದ. ಇದನ್ನು ಅವಳು ಅರಗಿಸಿಕೊಳ್ಳುತ್ತ ನಿಂತಳು. ಕೆಟ್ಟಿರುವುದು ಗೋಡೆಯಲ್ಲ, ಒಂದು ಪೈಪು. ಸರಿಪಡಿಸಬಹುದಾದ್ದು.

‘ನನಗ್ಯಾಕೆ ಹೇಳಿದ್ರಿ?’ ಎಂದು ಕೇಳಿದಳು. ‘ಒದ್ದೆ ಅಂತ ಗೊತ್ತಾದ್ರೆ ನಾನು ವಾಪಸ್ ಹೋಗ್ತೀನಿ, ನೀವು ಆರಾಮಾಗಿ ಇರಬಹುದು ಅಂತಾನಾ?’

‘ಹಾಗೆ ಇದ್ದಿದ್ರೆ ಬಂದೋರಿಗೆಲ್ಲ ಹೇಳ್ತಿದ್ದೆ. ಯಾರಿಗೂ ಹೇಳಿಲ್ಲ. ನೀವಲ್ಲದಿದ್ರೆ ಇನ್ನೊಬ್ಬರು ತಗೋತಾರೆ, ಅದಂತೂ ಖಂಡಿತ. ಗೋಡೆ ಮುಟ್ಟಿ ನೋಡೋರು ತಗೊಳ್ಳಲಿ ಅಂತ.’ ಸ್ವಲ್ಪ ತಡೆದು, ‘ನನ್ನನ್ನ ಬಿಡಿಸ್ತೀರಾ?’ ಎಂದರು. ಇಷ್ಟು ಹೊತ್ತು ಬಿಡಿಸಿಟ್ಟಂತಿದ್ದ ದನಿಯಲ್ಲಿ ಈ ಒಂದು ಮಾತು ಮಾತ್ರ ಸ್ವಲ್ಪ ಒಂದಕ್ಕೊಂದು ತಗುಲಿಕೊಂಡು ಬಂತು.

ಅವಳಿಗೆ ಅಳು ಬರುವಂತಾಯಿತು, ಅದು ಯಾರಿಗಾಗಿ ಎಂದು ಗೊತ್ತಿರಲಿಲ್ಲ. ಇಲ್ಲ, ಖಂಡಿತ ಇಲ್ಲ, ನೀವು ಎಷ್ಟು ದಿನ ಬೇಕಾದರೂ ಇರಿ, ಹೀಗೇ ಇರಿ ಎಂಬ ಮಾತುಗಳು ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಎಷ್ಟು ಸುಲಭ ಅದನ್ನು ಹೇಳುವುದು. ಹೇಳಿದ ಕೂಡಲೇ ಒಂಬತ್ತನೆಯ ವಯಸ್ಸಿನಿಂದ ಹೊತ್ತುಕೊಂಡು ಬಂದದ್ದೆಲ್ಲ ಇಳಿದು ತಾನು ಒಳ್ಳೆಯವಳಾಗಿಬಿಡಬಹುದು. ಆದರೆ ಸಾಲದ ಕಂತನ್ನು ಅವಳು ಎಷ್ಟು ಸಲ ಲೆಕ್ಕ ಹಾಕಿದ್ದಳೆಂದರೆ ಅದು ಈಗ ಲೆಕ್ಕವಾಗಿ ಉಳಿಯದೆ ಮೈಯ ಒಂದು ನೋವಾಗಿಬಿಟ್ಟಿತ್ತು. ಈಗಿನ ಬಾಡಿಗೆಯಲ್ಲಿ ಈ ಮನೆ ಇಟ್ಟುಕೊಂಡರೆ ಎರಡನೆಯ ವರ್ಷಕ್ಕೆ ಅಣ್ಣನ ಮುಂದೆ ಕೈಚಾಚಬೇಕು, ಇಲ್ಲವೇ ಮಾರಬೇಕು. ಮಾರುವಾಗ ಈ ಬಾಗಿಲನ್ನು ಮತ್ತೊಬ್ಬರು ತಳ್ಳಿಕೊಂಡು ಬರುತ್ತಾರೆ. ಈಗ ಹೇಳುವ ಒಳ್ಳೆಯ ಮಾತು ಆಗ ಏನಾಗುತ್ತದೆ? ಮೇಣದ ಹಲ್ಲುಗಳ ಹಾಗೆ, ನೋಡಲು ಚೆಂದ, ಕಚ್ಚಿದರೆ ಕುಸಿಯುತ್ತದೆ.

‘ಬಾಡಿಗೆ ಜಾಸ್ತಿ ಮಾಡ್ತೀನಿ’ ಎಂದಳು. ತನ್ನ ಬಾಯಿಯಲ್ಲಿ ಬೇರೆ ಯಾರದೋ ಸೆಟ್ಟು ಕೂತಂತಿತ್ತು. ‘ಈಗಿರೋದರಲ್ಲಿ ನನಗೆ ನಡೆಯಲ್ಲ. ಆದ್ರೆ ಪೈಪ್ ರಿಪೇರಿ ಆಗಿ ಗೋಡೆ ಒಣಗೋವರೆಗೂ ಜಾಸ್ತಿ ಕೇಳಲ್ಲ. ಮೂರು ವರ್ಷ ಬಿಡಿಸಲ್ಲ. ಬೇಕಾದ್ರೆ ಬರೆದು ಕೊಡ್ತೀನಿ.’

‘ಎಷ್ಟು ಜಾಸ್ತಿ?’

ಅವಳು ಹೇಳಿದಳು. ಹೆಂಗಸು ಅದರ ಅರ್ಧ ಹೇಳಿದರು. ಪಿಂಚಣಿ ಎಷ್ಟು ಬರುತ್ತದೆ, ಔಷಧಿಗೆ ಎಷ್ಟು ಹೋಗುತ್ತದೆ ಎಂದು ಕೇಳದಿದ್ದರೂ ಹೇಳಿದರು. ಕರುಣೆಗಾಗಿ ಅಲ್ಲ, ತಪ್ಪು ನಂಬರನ್ನು ಸರಿಪಡಿಸುವವರ ಹಾಗೆ. ಅವಳು ತನ್ನ ಸಂಬಳ ಹೇಳಿದಳು. ಜೀವನದಲ್ಲಿ ಅದನ್ನು ಅಣ್ಣನ ಹೊರತು ಯಾರಿಗೂ ಹೇಳಿರಲಿಲ್ಲ. ಕೆಳಗಿನ ರಸ್ತೆಯಲ್ಲಿ ಯಾರೋ ಕಬ್ಬಿಣದ ಷಟರ್ ಎತ್ತಿದರು. ಕೊನೆಗೆ ಇಬ್ಬರಿಗೂ ನೋಯುವ ಒಂದು ಮೊತ್ತಕ್ಕೆ ಬಂದು ನಿಂತರು. ಮೂರಲ್ಲ, ನಾಲ್ಕು ವರ್ಷ ಎಂದರು ಹೆಂಗಸು. ಅವಳು ಒಪ್ಪಿದಳು. ‘ಮುಖಕ್ಕೆ ನೇರವಾಗಿ ಜಾಸ್ತಿ ಕೇಳಿದ ಮಾಲೀಕರು ನೀವೇ ಮೊದಲು. ಹಾಗಂತ ನನಗೇನೂ ಖುಷಿಯಾಗಿಲ್ಲ’ ಎಂದರು ಹೆಂಗಸು. ಮಾಲೀಕರು ಎಂಬ ಮಾತು ಕಿವಿಗೆ ಬಿದ್ದಾಗ ಅವಳು ಹಿಂದೆ ಯಾರಾದರೂ ಬಂದರೇ ಎಂದು ಬಾಗಿಲ ಕಡೆ ನೋಡಿದಳು.

ಬ್ರೋಕರನ ಆಫೀಸು ಎರಡು ಅಂಗಡಿಗಳ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ. ಗೋಡೆ ಒದ್ದೆ, ರಿಪೇರಿ ನಾನೇ ಮಾಡಿಸಬೇಕು, ಆದ್ದರಿಂದ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು ಇಳಿಯಬೇಕು, ಒಳಗಿರುವವರು ಇದ್ದ ಹಾಗೆಯೇ ಇರುತ್ತಾರೆ ಎಂದು ಕರಾರಿನಲ್ಲಿ ಬರೆಯಬೇಕು ಎಂದಳು. ಆ ಮನೆಯಿಂದ ಇಲ್ಲಿಗೆ ಬರುವ ದಾರಿಯಲ್ಲಿ ಏಳೆಂಟು ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದರೂ ದನಿ ನಡುಗಿತು. ಬ್ರೋಕರ್ ನಕ್ಕ. ಕೆಟ್ಟ ನಗುವಲ್ಲ, ಮಕ್ಕಳು ದೊಡ್ಡವರ ಚಪ್ಪಲಿ ಹಾಕಿಕೊಂಡಾಗ ನಗುವಂಥದು. ‘ಮೇಡಂ, ಬೇಜಾರು ಮಾಡ್ಕೋಬೇಡಿ, ಇದು ನಿಮ್ಮ ಮೊದಲನೇದು ಅಲ್ವಾ? ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಕಳಿಸಿ, ನಾನು ಅವರ ಹತ್ರ ಮಾತಾಡ್ತೀನಿ.’ ಮನೆಯಲ್ಲಿ ತಾನೇ ದೊಡ್ಡವಳು ಎಂದಳು. ಅದೂ ಸುಳ್ಳು, ಇವತ್ತಿಗೆ ಎರಡನೆಯದು. ನಾಲ್ಕು ಗಂಟೆಗೆ ಇನ್ನೊಂದು ಪಾರ್ಟಿ ಬರುತ್ತದೆ, ಪೂರ್ತಿ ಬೆಲೆಗೆ ರೆಡಿ ಇದ್ದಾರೆ ಎಂದ ಅವನು. ಹಾಗಾದರೆ ನಾಲ್ಕು ಗಂಟೆಯವರೆಗೆ ಕಾಯುತ್ತೇನೆ ಎಂದು ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು.

ಅದನ್ನು ಅವಳು ಯೋಚಿಸಿ ಹೇಳಿದ್ದಲ್ಲ. ಕಾಯುವುದು ಅವಳಿಗೆ ಗೊತ್ತಿತ್ತು, ಅಷ್ಟೆ. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಕಾಯಬೇಕು, ಮೇಣ ಆರುವವರೆಗೆ ಕಾಯಬೇಕು, ಅವಸರ ಮಾಡಿದರೆ ಬಿರುಕು. ಬ್ರೋಕರ್ ಬೇರೆಯವರ ಜೊತೆ ಫೋನಿನಲ್ಲಿ ಮಾತಾಡಿದ, ಕಡತ ಜೋಡಿಸಿದ, ಅವಳ ತಲೆಯ ಮೇಲಿನ ಫ್ಯಾನನ್ನು ಆರಿಸಿ ತನ್ನದನ್ನು ಮಾತ್ರ ಇಟ್ಟುಕೊಂಡ. ಅವಳು ಅದನ್ನು ಗಮನಿಸಿದಳು. ಒಂದೂವರೆಗೆ ಡಬ್ಬಿ ತೆಗೆದು ಊಟ ಮಾಡಿದಳು. ಬೇರೆಯವರ ಆಫೀಸಿನಲ್ಲಿ ಒಬ್ಬಳೇ ಕೂತು ಉಣ್ಣುವಾಗ ಪ್ರತಿ ತುತ್ತಿಗೂ ಶಬ್ದ ಬರುತ್ತಿದೆ ಅನ್ನಿಸುತ್ತಿತ್ತು. ಎರಡೂವರೆಗೆ ಡಾಕ್ಟರಿಗೆ ಫೋನು ಮಾಡಿ ಇವತ್ತು ಬರಲಾಗುವುದಿಲ್ಲ ಎಂದಳು. ಸೆಟ್ಟಿಗಾಗಿ ಬರುವ ಮುದುಕರು ಮೊಮ್ಮಗಳ ಮದುವೆ ಫೋಟೋಕ್ಕೆ ಬೇಕು ಎಂದಿದ್ದರಂತೆ, ಫೋಟೋ ನಾಡಿದ್ದು. ನಾಳೆ ಏಳಕ್ಕೇ ಬಂದು ಮುಗಿಸುತ್ತೇನೆ, ನಾನೇ ಅವರ ಮನೆಗೆ ತಲುಪಿಸುತ್ತೇನೆ ಎಂದಳು. ಫೋನನ್ನು ಚೀಲಕ್ಕೆ ಹಾಕಿದಳು. ಯಾರೋ ಮುದುಕರು ಇವತ್ತು ಸಂಜೆ ಬರಿ ಬಾಯಲ್ಲಿ ವಾಪಸು ಹೋಗುತ್ತಾರೆ, ತನಗೊಂದು ಮನೆ ಬೇಕೆಂದು. ಎದ್ದು ಹೋಗಿಬಿಡಲೇ? ಪೂರ್ತಿ ಬೆಲೆ ಕೊಟ್ಟು ಮುಗಿಸಿಬಿಡಲೇ? ಎರಡೂ ಒಂದೇ ಅನ್ನಿಸಿತು, ಎರಡೂ ಈ ಕುರ್ಚಿಯಿಂದ ತಪ್ಪಿಸಿಕೊಳ್ಳುವ ದಾರಿ. ಅವಳು ಬೆನ್ನು ನೇರ ಮಾಡಿ ಕೂತಳು.

ನಾಲ್ಕಾಯಿತು. ನಾಲ್ಕೂಕಾಲಾಯಿತು. ಪಾರ್ಟಿ ಬರಲಿಲ್ಲ. ಬ್ರೋಕರ್ ಅವಳ ಕಡೆ ನೋಡದೆ ಮಾಲೀಕನಿಗೆ ಫೋನು ಹಚ್ಚಿದ. ಆ ಕಡೆಯವನು ಕೂಗಾಡುವುದು ಇಲ್ಲಿಗೇ ಕೇಳಿಸುತ್ತಿತ್ತು. ಯಾರು ಆ ಹೆಂಗಸು, ಅವಳಿಗೇನು ಗೊತ್ತು ಗೋಡೆಯ ವಿಷಯ ಎಂಬುದೂ ಕೇಳಿಸಿತು. ಅವಳು ಎದ್ದು ಹೋಗಿ ಫೋನು ಕೊಡಿ ಎಂದು ಕೈ ಚಾಚಿದಳು. ಬ್ರೋಕರ್ ಅನುಮಾನಿಸಿ ಕೊಟ್ಟ. ‘ಮೇಲಿನ ಮನೆಯವರು ನಾಲ್ಕು ವರ್ಷದಿಂದ ನಿಮ್ಮನ್ನ ಅರ್ಧ ಖರ್ಚು ಕೇಳ್ತಿದಾರೆ’ ಎಂದಳು. ‘ನಾನಿಲ್ಲ ಅಂದ್ರೂ ಮುಂದಿನೋರಿಗೆ ಇದು ಗೊತ್ತಾಗತ್ತೆ. ಪೇಂಟ್ ಇನ್ನೊಂದು ತಿಂಗಳು ನಿಲ್ಲತ್ತೆ ಅಷ್ಟೆ. ನಾನು ಇವತ್ತು ಅಡ್ವಾನ್ಸ್ ಕೊಡ್ತೀನಿ.’ ಆ ಕಡೆ ಕೂಗು ನಿಂತಿತು. ಅವಳು ಕೇಳಿದ್ದ ಇಳಿಕೆಯಲ್ಲಿ ಮುಕ್ಕಾಲು ಪಾಲಿಗೆ ಅವನು ಒಪ್ಪಿದ. ಸಾಕು ಎಂದುಕೊಂಡಳು, ಪೂರ್ತಿ ಸಿಕ್ಕಿದ್ದರೆ ಇನ್ನೂ ಹೆಚ್ಚು ಕೇಳಬೇಕಿತ್ತೇ ಎಂದು ರಾತ್ರಿಯೆಲ್ಲ ಕೊರೆಯುತ್ತಿತ್ತು. ಕರಾರು ಪತ್ರವನ್ನು ಎರಡು ಸಲ ಓದಿ, ಬಾಡಿಗೆದಾರರ ನಾಲ್ಕು ವರ್ಷದ ಸಾಲು ಇದೆಯೇ ಎಂದು ನೋಡಿ, ಚೆಕ್ಕು ಬರೆದಳು. ಸಹಿಯ ಜಾಗದಲ್ಲಿ ಪೆನ್ನು ಒಂದು ಕ್ಷಣ ಪಕ್ಕಕ್ಕೆ ಜರುಗಿತು, ಅಣ್ಣನಿಗೆ ಜಾಗ ಬಿಡುವ ಅಭ್ಯಾಸದಿಂದ. ಆಮೇಲೆ ನಡುವಿನಲ್ಲೇ ಬರೆದಳು. ಸಹಿ ಎಂದಿಗಿಂತ ದೊಡ್ಡದಾಯಿತು. ಬ್ರೋಕರ್ ಎದ್ದು ಅವಳ ತಲೆಯ ಮೇಲಿನ ಫ್ಯಾನು ಹಾಕಿದ.

ಮನೆಯಲ್ಲಿ ಅತ್ತಿಗೆ ಏನನ್ನೂ ಹೇಳಿಡಬೇಕಾಗಿ ಬಂದಿರಲಿಲ್ಲ, ಅವಳು ಮಾಮೂಲು ಹೊತ್ತಿಗೇ ಬಂದಿದ್ದಳು. ಚಪ್ಪಲಿ ಬಿಟ್ಟು ನೇರ ಅಣ್ಣನ ಮುಂದೆ ಹೋಗಿ ನಿಂತು ಹೇಳಿಬಿಟ್ಟಳು: ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಲಿಲ್ಲ, ಒಂದು ಮನೆಗೆ ಅಡ್ವಾನ್ಸ್ ಕೊಟ್ಟು ಬಂದೆ. ಅಣ್ಣ ಟಿ.ವಿ. ಆರಿಸಿದ. ಅವನು ರೇಗುತ್ತಾನೆ ಎಂದುಕೊಂಡಿದ್ದಳು. ಅದಕ್ಕೆ ಉತ್ತರಗಳನ್ನು ಸಿದ್ಧಮಾಡಿಕೊಂಡಿದ್ದಳು. ಅವನು ರೇಗಲಿಲ್ಲ, ಮುಖ ಮಾತ್ರ ಒಮ್ಮೆಲೇ ವಯಸ್ಸಾದಂತಾಯಿತು. ‘ನಂಗೆ ಒಂದು ಮಾತು ಹೇಳಬಹುದಿತ್ತು ಪುಟ್ಟಿ’ ಎಂದ.

‘ಹೇಳಿದ್ರೆ ಬೇಡ ಅಂತಿದ್ದೆ.’

‘ಹೌದು, ಅಂತಿದ್ದೆ.’ ರಿಮೋಟನ್ನು ಪಕ್ಕಕ್ಕಿಟ್ಟು, ‘ಇಲ್ಲಿಂದ ಹೋಗಿಬಿಡ್ತೀಯಾ?’ ಎಂದು ಕೇಳಿದ. ಇಲ್ಲ, ಅಲ್ಲಿ ಬಾಡಿಗೆಗೆ ಒಬ್ಬರಿದ್ದಾರೆ, ಅವರು ಇರುತ್ತಾರೆ ಎಂದಳು. ಅವನಿಗೆ ಅರ್ಥವಾಗಲಿಲ್ಲ. ತಾನಿರುವುದಕ್ಕಲ್ಲದೆ ಯಾರಾದರೂ ಮನೆ ಯಾಕೆ ಕೊಳ್ಳುತ್ತಾರೆ ಎಂಬುದು ಅವನ ಮುಖದ ಮೇಲೆ ಬರೆದಿತ್ತು. ಬೆಳಿಗ್ಗೆಯಿಂದ ಕಾಯುತ್ತಿದ್ದ ತಪ್ಪಿತಸ್ಥ ಭಾವ ಈಗ ಬಂದು ಎದೆಯ ಮೇಲೆ ಕೂತಿತ್ತು. ಆದರೆ ಅದರ ತೂಕ ಅವಳು ಊಹಿಸಿದ್ದಕ್ಕಿಂತ ಕಡಿಮೆಯಿತ್ತು, ಹೊತ್ತುಕೊಂಡು ನಡೆಯಬಹುದಾದಷ್ಟು. ಅಣ್ಣ ಕೈ ಚಾಚಿ ಕಾಗದ ಕೊಡು ಎಂದ. ಕನ್ನಡಕ ಹುಡುಕಿದ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿ, ಗಂಡಸರು ಹೋಗಿದ್ದರೆ ಇನ್ನೂ ಸ್ವಲ್ಪ ಇಳಿಯುತ್ತಿತ್ತು ಎಂದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕೆಮ್ಮಿದಳು. ಎರಡನೆಯ ಪುಟದಲ್ಲಿ ಒಂದು ಕಾಗುಣಿತ ತಪ್ಪಿದೆ, ರಿಜಿಸ್ಟ್ರೇಷನ್ ಹೊತ್ತಿಗೆ ಸರಿ ಮಾಡಿಸು ಎಂದು ಅವನು ಕಾಗದವನ್ನು ಮಡಿಸಿದ್ದ ಗೆರೆಯ ಮೇಲೆಯೇ ಮಡಿಸಿ ವಾಪಸು ಕೊಟ್ಟ.

ಸಾಲ ಮಂಜೂರಾಗಿ ರಿಜಿಸ್ಟ್ರೇಷನ್ ಮುಗಿಯಲು ಏಳು ವಾರ ಹಿಡಿಯಿತು. ಅದಾದ ಮೊದಲ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಊಟದ ಹೊತ್ತಲ್ಲ ಎಂದು ಲೆಕ್ಕಹಾಕಿ, ಅವಳು ಮೂರನೆಯ ಮಹಡಿ ಹತ್ತಿ ಬಾಗಿಲು ತಟ್ಟಿದಳು. ಬನ್ನಿ ಎನ್ನುವವರೆಗೆ ಹೊರಗೆ ನಿಂತಳು. ಮೇಲಿನ ಮನೆಯವರ ಜೊತೆ ಮಾತಾಡಿದ್ದೇನೆ, ಸೋಮವಾರ ಪ್ಲಂಬರ್ ಬರುತ್ತಾನೆ ಎಂಬ ಸುದ್ದಿಯನ್ನು ಬಹುಮಾನದಂತೆ ಹಿಡಿದು ತಂದಿದ್ದಳು. ಅದನ್ನು ಕೇಳಿ ಟೆಲಿಫೋನಿನ ಹೆಂಗಸು ಸರಿ ಎಂದರು, ಅಷ್ಟೆ. ಕೃತಜ್ಞತೆಯ ಒಂದು ಮಾತನ್ನು ನಿರೀಕ್ಷಿಸುತ್ತ ನಿಂತಿದ್ದೇನೆ ಎಂದು ಗೊತ್ತಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆಗ ಹೆಂಗಸು ಮೇಜಿನ ಖಾನೆ ಎಳೆದು ಮಡಿಸಿದ ಕಾಗದಗಳ ಒಂದು ಕಟ್ಟು ತೆಗೆದು ಅವಳ ಮುಂದಿಟ್ಟರು. ದುಂಡನೆಯ, ಓರೆಯಿಲ್ಲದ ಅಕ್ಷರ. ಪ್ರತಿ ಹಾಳೆಯ ಮೇಲೂ ತಾರೀಕು, ಅದರ ಕೆಳಗೆ ‘ಮಾಲೀಕರಿಗೆ’. ತೀರ ಹಳೆಯದು ಹನ್ನೊಂದು ವರ್ಷದ ಹಿಂದಿನದು. ಕಿಟಕಿಯ ಚಿಲಕ, ಅಡುಗೆಮನೆಯ ನಲ್ಲಿ, ಸ್ವಿಚ್ಚಿನಿಂದ ಬರುವ ಸಣ್ಣ ಶಾಕು, ಬಾಗಿಲ ಕೆಳಗಿನಿಂದ ಬರುವ ಗಾಳಿ. ಬರೆದು ಕೊಡುತ್ತಿದ್ದೆ, ಓದದೆ ವಾಪಸು ಬರುತ್ತಿತ್ತು, ಎಸೆಯಲು ಮನಸ್ಸಾಗಲಿಲ್ಲ ಎಂದರು ಹೆಂಗಸು. ಕೆಲವು ಅಕ್ಷರಗಳು ಮಾಸಿದ್ದವು. ಅವಳು ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದಳು. ಇಷ್ಟು ವರ್ಷ ಯಾರೂ ಅವಳ ಬಳಿ ಯಾವುದನ್ನೂ ಹೀಗೆ, ಹಕ್ಕಿನಿಂದ ಕೇಳಿರಲಿಲ್ಲ. ಕೇಳಿದರೆ ಕೊಡಬಲ್ಲವಳು ಎಂದು ಯಾರಿಗೂ ಹೊಳೆದಿರಲಿಲ್ಲ.

‘ಕೂತ್ಕೊಳ್ಳಿ, ಬೇಗ ಮುಗಿಯೋದಲ್ಲ ಇದು’ ಎಂದರು ಹೆಂಗಸು.

ಅವಳು ಕುರ್ಚಿ ಎಳೆದು ಕೂತು, ಚೀಲದಿಂದ ಪೆನ್ನು ತೆಗೆದಳು.

‘ಹಳೇದರಿಂದ ಶುರು ಮಾಡೋಣ. ಹೇಳಿ.’